ಬೆನ್ನಿನ ನೀರಿನ ಪರೀಕ್ಷೆಗಳು: ಪ್ರಿಯಾನ್ ಕಾಯಿಲೆಯ ಶಂಕೆ ಬಂದಾಗ ಯಾವುದನ್ನು ಎಷ್ಟು ನಂಬಬೇಕು

ಮೂರು ತಿಂಗಳ ಹಿಂದೆ ಮನೆಯ ಲೆಕ್ಕಪತ್ರವನ್ನೆಲ್ಲ ತಾವೇ ನೋಡಿಕೊಳ್ಳುತ್ತಿದ್ದವರು ಇವತ್ತು ಬಚ್ಚಲುಮನೆಯ ದಾರಿ ಮರೆತಿದ್ದಾರೆ. ನಡೆದರೆ ಒಂದು ಪಕ್ಕಕ್ಕೆ ವಾಲುತ್ತಾರೆ. ಬಾಗಿಲು ಬಡಿದ ಸದ್ದಿಗೆ ಕೈಕಾಲು ಬೆಚ್ಚಿ ಎಗರುತ್ತವೆ. ವಯಸ್ಸಾದವರ ಮರೆವು ಹೀಗೆ ಓಡುವುದಿಲ್ಲ, ಅದು ವರ್ಷಗಟ್ಟಲೆ ತೆವಳುತ್ತದೆ. ವಾರದಿಂದ ವಾರಕ್ಕೆ ಮನುಷ್ಯ ಕಣ್ಣೆದುರೇ ಕುಸಿಯುತ್ತಿದ್ದರೆ ನ್ಯೂರಾಲಜಿಸ್ಟ್ ತಮ್ಮ ಮನಸ್ಸಿನ ಪಟ್ಟಿಯಲ್ಲಿ ಸಿಜೆಡಿ, ಅಂದರೆ ಕ್ರಾಯ್ಟ್ಸ್‌ಫೆಲ್ಟ್-ಯಾಕೊಬ್ ಕಾಯಿಲೆಯನ್ನೂ ಬರೆದುಕೊಳ್ಳುತ್ತಾರೆ. ಆಮೇಲೆ ಮನೆಯವರಿಗೆ ಹೇಳುತ್ತಾರೆ: "ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸೋಣ."

ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ಆ ನೀರನ್ನು ಇಳಿಸಿಕೊಂಡು ರಿಪೋರ್ಟ್ ಬರೆಯುವ ಕಡೆ ಕೆಲಸ ಮಾಡಿದವಳು ನಾನು. ಮನೆಯವರು ರಿಪೋರ್ಟ್ ಹಿಡಿದುಕೊಂಡು ಬಂದಾಗ ಅವರ ಕಣ್ಣು ಹೋಗುವುದು ಒಂದೇ ಪದಕ್ಕೆ, ಪಾಸಿಟಿವ್ ಅಥವಾ ನೆಗೆಟಿವ್. ಯಾವ ಪರೀಕ್ಷೆ ಪಾಸಿಟಿವ್ ಬಂದಿದೆ ಎಂಬುದರ ಮೇಲೆ ಆ ಪದದ ತೂಕ ಪೂರ್ತಿ ಬದಲಾಗುತ್ತದೆ ಎಂದು ಅವರಿಗೆ ಯಾರೂ ಕೂರಿಸಿಕೊಂಡು ಹೇಳಿರುವುದಿಲ್ಲ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. ನಮ್ಮೆಲ್ಲರ ಮೆದುಳಿನಲ್ಲೂ ಪ್ರಿಯಾನ್ ಪ್ರೊಟೀನು ಇದ್ದೇ ಇರುತ್ತದೆ. ಅದರ ಮಡಿಕೆ ಕೆಟ್ಟಾಗ, ಕೆಟ್ಟ ರೂಪದ್ದು ಪಕ್ಕದ ಒಳ್ಳೆಯದನ್ನೂ ತನ್ನ ರೂಪಕ್ಕೆ ತಿರುಗಿಸುತ್ತ ಹೋಗುತ್ತದೆ. ಇದಕ್ಕೆ ಪ್ರಿಯಾನ್ ಎಂದು 1982ರಲ್ಲಿ ಹೆಸರಿಟ್ಟ ಸ್ಟ್ಯಾನ್ಲಿ ಪ್ರುಸಿನರ್‌ಗೆ 1997ರಲ್ಲಿ ನೊಬೆಲ್ ಬಂತು. ಸುಮಾರು ಶೇ. 85ರಷ್ಟು ರೋಗಿಗಳಲ್ಲಿ ಈ ಕಾಯಿಲೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ, ಶೇ. 10ರಿಂದ 15ರಷ್ಟು ಮಂದಿಯಲ್ಲಿ ವಂಶವಾಹಿಯಿಂದ ಬರುತ್ತದೆ. ಹೊರಗಿನಿಂದ ಅಂಟಿದ್ದು ಶೇ. 1ಕ್ಕಿಂತ ಕಡಿಮೆ. "ನಾವು ಮಾಂಸ ಮುಟ್ಟುವವರೇ ಅಲ್ಲ, ಹುಚ್ಚು ಹಸುವಿನ ಕಾಯಿಲೆ ನಮಗೆಲ್ಲಿಂದ ಬಂತು?" ಎಂದು ಕೇಳುವ ಮನೆಯವರಿದ್ದಾರೆ. ತಾನಾಗಿ ಹುಟ್ಟುವ ಸಿಜೆಡಿಗೂ ಊಟಕ್ಕೂ ಸಂಬಂಧ ಕಂಡುಬಂದಿಲ್ಲ. ಗೋಮಾಂಸದ ಮೂಲಕ ಬಂದದ್ದು ಬೇರೆಯೇ ಒಂದು ಬಗೆ, ಅದರ ಮಾತು ಮುಂದೆ ಬರುತ್ತದೆ.

ಜಗತ್ತಿನಲ್ಲಿ ವರ್ಷಕ್ಕೆ 10 ಲಕ್ಷ ಜನರಿಗೆ ಒಂದೆರಡು ಹೊಸ ಪ್ರಕರಣ ಎಂಬುದು ಒಪ್ಪಿತ ಲೆಕ್ಕ. 2011ರ ಜನಗಣತಿಯಲ್ಲಿ 6 ಕೋಟಿ ದಾಟಿದ್ದ ಕರ್ನಾಟಕಕ್ಕೆ ಅದನ್ನು ಹಚ್ಚಿ ನೋಡಿ. ವಯಸ್ಸಾದವರ ಪಾಲು ನಮ್ಮಲ್ಲಿ ಕಡಿಮೆ ಎಂದು ಒಂದಿಷ್ಟು ಇಳಿಸಿಕೊಂಡರೂ ವರ್ಷಕ್ಕೆ ಹತ್ತಾರು ಮನೆಗಳಾಗುತ್ತವೆ. ಅಪರೂಪದ ಕಾಯಿಲೆ ನಿಜ, ಆದರೆ ನಮ್ಮ ಊರಿಗೆ ಬಾರದ ಕಾಯಿಲೆಯಲ್ಲ.

ಎಲ್ಲಕ್ಕಿಂತ ಮೊದಲಿನ ಟ್ಯೂಬ್

ಹೋಲಿಕೆ ಶುರುಮಾಡುವ ಮುನ್ನ ನನ್ನ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತೇನೆ. ಸಿಜೆಡಿಗೆ ಇವತ್ತಿಗೂ ಮದ್ದಿಲ್ಲ. ಹಾಗಿದ್ದರೆ ಪರೀಕ್ಷೆ ಯಾಕೆ? ಸಿಜೆಡಿಯಂತೆಯೇ ಕಾಣುವ, ಆದರೆ ಮದ್ದಿರುವ ಕಾಯಿಲೆಗಳನ್ನು ಕೈತಪ್ಪಿಸಿಕೊಳ್ಳಬಾರದು ಎಂದು.

ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಪ್ರಿಯಾನ್ ಕಾಯಿಲೆಗಳ ರಾಷ್ಟ್ರೀಯ ಕಣ್ಗಾವಲು ಕೇಂದ್ರವಿದೆ. ಸಿಜೆಡಿ ಶಂಕೆಯಿಂದ ಅಲ್ಲಿಗೆ ಬಂದ 1,106 ಮೆದುಳುಗಳನ್ನು ಮರಣೋತ್ತರವಾಗಿ ಪರೀಕ್ಷಿಸಿದ ವರದಿ 2011ರಲ್ಲಿ ಹೊರಬಂತು. 352ರಲ್ಲಿ ಪ್ರಿಯಾನೇ ಇರಲಿಲ್ಲ. ಅವುಗಳ ಪೈಕಿ 71 ಮಂದಿಗಿದ್ದದ್ದು ಚಿಕಿತ್ಸೆ ಸಾಧ್ಯವಿದ್ದ ಕಾಯಿಲೆ: ದೇಹದ ರೋಗನಿರೋಧಕ ಶಕ್ತಿಯೇ ಮೆದುಳಿನ ಮೇಲೆ ತಿರುಗಿಬಿದ್ದದ್ದು, ಗೆಡ್ಡೆ, ಸೋಂಕು, ಚಯಾಪಚಯದ (ಮೆಟಬಾಲಿಸಂ) ಏರುಪೇರು. 71 ಎಂಬ ಆ ಸಂಖ್ಯೆ ಓದಿದ ದಿನದಿಂದ ನನ್ನ ತಲೆಯಿಂದ ಇಳಿದಿಲ್ಲ.

ಆದ್ದರಿಂದ ಬೆನ್ನಿನ ನೀರು ತೆಗೆದಾಗ ಮೊದಲು ಹೋಗಬೇಕಾದದ್ದು ಮಾಮೂಲಿ ಪರೀಕ್ಷೆಗೆ. ಜೀವಕೋಶಗಳೆಷ್ಟು, ಪ್ರೊಟೀನು ಎಷ್ಟು, ಸಕ್ಕರೆ ಎಷ್ಟು ಎಂಬ ಈ ಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲೂ ಆಗುತ್ತದೆ, ಖರ್ಚೂ ಕಡಿಮೆ. ಸಿಜೆಡಿಯಲ್ಲಿ ಈ ನೀರು ತಿಳಿಯಾಗಿರುತ್ತದೆ, ಜೀವಕೋಶಗಳು ಹೆಚ್ಚಿರುವುದಿಲ್ಲ, ಪ್ರೊಟೀನು ಸಹಜವಾಗಿರಬಹುದು ಇಲ್ಲವೇ ತುಸು ಏರಿರಬಹುದು. ಬಿಳಿ ರಕ್ತಕಣಗಳು ಎದ್ದು ಕಾಣುವಷ್ಟಿದ್ದರೆ ಸಿಜೆಡಿಯ ಮಾತು ಪಕ್ಕಕ್ಕಿಟ್ಟು ಟಿಬಿ, ಹರ್ಪಿಸ್, ಸಿಫಿಲಿಸ್, ಲಿಂಫೋಮಾ ಎಂಬ ಕ್ಯಾನ್ಸರ್ ಕಡೆ ನೋಡಬೇಕು. ಜೊತೆಗೆ ಮೆದುಳಿನ ಮೇಲೆ ತಿರುಗಿಬೀಳುವ ಎನ್‌ಎಂಡಿಎ, ಎಲ್‌ಜಿಐ1 ಮುಂತಾದ ಪ್ರತಿಕಾಯಗಳ ಪರೀಕ್ಷೆ ಆಗಲೇಬೇಕು. ಎಲ್‌ಜಿಐ1 ಕಾಯಿಲೆಯವರಲ್ಲಿ ಮರೆವಿನ ಜೊತೆ ಒಂದು ಬದಿಯ ಮುಖ ಮತ್ತು ಕೈ ದಿನಕ್ಕೆ ಹತ್ತಾರು ಸಲ ಕ್ಷಣಮಾತ್ರ ಸೆಟೆದು ಬಿಡುತ್ತವೆ, ರಕ್ತದಲ್ಲಿ ಸೋಡಿಯಂ ಇಳಿದಿರುತ್ತದೆ. ಇದನ್ನು ಸಿಜೆಡಿಯ ಬೆಚ್ಚುವಿಕೆ ಎಂದು ತಪ್ಪು ತಿಳಿದರೆ, ಸ್ಟಿರಾಯ್ಡ್‌ನಿಂದ ಎದ್ದು ಕೂರಬಹುದಾದ ಮನುಷ್ಯನನ್ನು ಕೈಬಿಟ್ಟಂತಾಗುತ್ತದೆ. ಬಿ12 ಕೊರತೆ, ಥೈರಾಯ್ಡ್ ಪ್ರತಿಕಾಯಗಳನ್ನೂ ರಕ್ತದಲ್ಲಿ ನೋಡಿರಬೇಕು.

ಇಷ್ಟಾದ ಮೇಲೆ ಪ್ರಿಯಾನ್ ಪರೀಕ್ಷೆಗಳ ಸರದಿ.

14-3-3: ಹೊಗೆ ತೋರಿಸುತ್ತದೆ, ಬೆಂಕಿ ಯಾವುದೆಂದು ಹೇಳುವುದಿಲ್ಲ

ಹೆಸರು ವಿಚಿತ್ರವಾಗಿದೆ. 1967ರಲ್ಲಿ ಹಸುವಿನ ಮೆದುಳಿನ ಪ್ರೊಟೀನುಗಳನ್ನು ಬೇರ್ಪಡಿಸುತ್ತಿದ್ದಾಗ ಇದು 14ನೆಯ ಭಾಗದಲ್ಲಿ, ಆಮೇಲೆ ಜೆಲ್‌ನ 3.3 ಎಂಬ ಸ್ಥಾನದಲ್ಲಿ ಸಿಕ್ಕಿತು. ಆ ವಿಳಾಸವೇ ಹೆಸರಾಗಿ ನಿಂತಿತು. ನರಕೋಶಗಳ ಒಳಗೆ ಧಾರಾಳವಾಗಿರುವ ಈ ಪ್ರೊಟೀನು, ಕೋಶಗಳು ಒಡೆದಾಗ ಬೆನ್ನಿನ ನೀರಿಗೆ ಸೋರುತ್ತದೆ. ಸಿಜೆಡಿಯಲ್ಲಿ ಅದು ಹೆಚ್ಚಿರುತ್ತದೆ ಎಂದು 1996ರಲ್ಲಿ ತೋರಿಸಿದ ಮೇಲೆ ಎರಡು ದಶಕ ಇದೇ ಮುಖ್ಯ ಪರೀಕ್ಷೆಯಾಗಿತ್ತು.

ತೊಂದರೆ ಅದರ ಸ್ವಭಾವದಲ್ಲೇ ಇದೆ. ಕೋಶ ಯಾಕೆ ಒಡೆಯಿತು ಎಂದು 14-3-3ಗೆ ಗೊತ್ತಿಲ್ಲ. ಹೊಸದಾಗಿ ಪಾರ್ಶ್ವವಾಯು ಬಡಿದಿದ್ದರೆ, ಒಂದರ ಮೇಲೊಂದು ಫಿಟ್ಸ್ ಬಂದಿದ್ದರೆ, ಮೆದುಳಿನ ಉರಿಯೂತವಿದ್ದರೆ, ಗೆಡ್ಡೆಯಿದ್ದರೆ ಆಗಲೂ ಪಾಸಿಟಿವ್ ಬರಬಹುದು. ಅಂದರೆ ಚಿಕಿತ್ಸೆಯಿರುವ ಕಾಯಿಲೆಗಳಲ್ಲೇ ಇದು ದಾರಿ ತಪ್ಪಿಸುವುದು ಹೆಚ್ಚು. ಅಮೆರಿಕದ ನ್ಯೂರಾಲಜಿ ಅಕಾಡೆಮಿ 2012ರಲ್ಲಿ ಅಲ್ಲಿಯತನಕದ ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟ ಅಂಕಿ ಹೀಗಿದೆ: ಸಿಜೆಡಿ ಇರುವ ನೂರು ಮಂದಿಯಲ್ಲಿ 92 ಮಂದಿಯನ್ನು ಇದು ಹಿಡಿಯುತ್ತದೆ, ಸಿಜೆಡಿ ಇಲ್ಲದ ನೂರು ಮಂದಿಯಲ್ಲಿ 80 ಮಂದಿಗಷ್ಟೇ "ಇಲ್ಲ" ಎಂದು ಸರಿಯಾಗಿ ಹೇಳುತ್ತದೆ.

80 ಎಂದರೆ ಕಡಿಮೆಯೇನಲ್ಲವಲ್ಲ ಎನ್ನಿಸಬಹುದು. ಒಂದು ಲೆಕ್ಕ ಹಾಕೋಣ. ಶಂಕೆಯಿಂದ ಪರೀಕ್ಷೆಗೆ ಬಂದ ನೂರು ಜನರಲ್ಲಿ ಹತ್ತು ಮಂದಿಗೆ ನಿಜಕ್ಕೂ ಸಿಜೆಡಿ ಇದೆ ಎಂದಿಟ್ಟುಕೊಳ್ಳಿ. ಆ ಹತ್ತರಲ್ಲಿ 14-3-3 ಒಂಬತ್ತನ್ನು ಹಿಡಿಯಿತು. ಉಳಿದ ತೊಂಬತ್ತರಲ್ಲಿ ಐದನೇ ಒಂದು ಭಾಗ, ಅಂದರೆ 18 ಮಂದಿಗೂ ಪಾಸಿಟಿವ್ ಎಂದಿತು. ಒಟ್ಟು 27 ಪಾಸಿಟಿವ್, ಅದರಲ್ಲಿ 18 ತಪ್ಪು. ಪಾಸಿಟಿವ್ ರಿಪೋರ್ಟ್ ಕೈಗೆ ಬಂದ ಮೂರು ಮನೆಗಳಲ್ಲಿ ಎರಡು ಮನೆ ಸುಮ್ಮಸುಮ್ಮನೆ ಕಣ್ಣೀರಿಟ್ಟಂತೆ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಎರಡು ಮನೆಗಳಲ್ಲಿ ವೈದ್ಯರು ಹುಡುಕುವುದನ್ನು ನಿಲ್ಲಿಸಬಹುದು.

ಟೌ ಪ್ರೊಟೀನು: ಅಂಕಿಯಲ್ಲಿ ಮಾತಾಡುತ್ತದೆ

ಟೌ ಕೂಡ ನರಕೋಶ ಸತ್ತಾಗ ಸೋರುವ ಪ್ರೊಟೀನೇ. ಆದರೆ ಇದರ ರಿಪೋರ್ಟ್‌ನಲ್ಲಿ ಹೌದು-ಇಲ್ಲ ಬದಲು ಒಂದು ಸಂಖ್ಯೆ ಇರುತ್ತದೆ, ಅದು ನನಗೆ ಇಷ್ಟ. ಯುರೋಪಿನ ಅಧ್ಯಯನಗಳು ಮಿಲಿಲೀಟರಿಗೆ 1,300 ಪಿಕೋಗ್ರಾಂ ಎಂಬ ಗೆರೆ ಎಳೆದವು, ಕ್ಲೀವ್‌ಲ್ಯಾಂಡ್ 1,150 ಎಂದಿತು. ಗೆರೆಯ ಆಚೆಗೂ ಸಂಖ್ಯೆ ಮಾತಾಡುತ್ತಲೇ ಇರುತ್ತದೆ. ಅಲ್ಜೈಮರ್ ಕಾಯಿಲೆಯಲ್ಲೂ ಟೌ ಏರುತ್ತದೆ, ಆದರೆ ಸಾಮಾನ್ಯವಾಗಿ ನೂರುಗಳಲ್ಲೇ ಉಳಿಯುತ್ತದೆ. ವೇಗವಾಗಿ ಓಡುವ ಸಿಜೆಡಿಯಲ್ಲಿ ಹಲವು ಸಾವಿರಗಳಿಗೆ ಜಿಗಿಯುತ್ತದೆ. ರಂಜಕ ಅಂಟಿಕೊಂಡ ಟೌ ಎಂಬ ಇನ್ನೊಂದು ರೂಪವನ್ನೂ ಅಳೆದರೆ ಗೊಂದಲ ಇನ್ನಷ್ಟು ತಿಳಿಯಾಗುತ್ತದೆ: ಸಿಜೆಡಿಯಲ್ಲಿ ಒಟ್ಟು ಟೌ ಮುಗಿಲು ಮುಟ್ಟಿದ್ದರೂ ಈ ರೂಪ ಅಷ್ಟಾಗಿ ಏರಿರುವುದಿಲ್ಲ. ಅಲ್ಜೈಮರ್‌ನಲ್ಲಿ ಎರಡೂ ಒಟ್ಟಿಗೇ ಏರುತ್ತವೆ.

14-3-3 ಮತ್ತು ಟೌ ಎರಡರಲ್ಲಿ ಒಂದನ್ನೇ ಆರಿಸುವ ಸ್ಥಿತಿ ಬಂದರೆ ನಾನು ಟೌ ಆರಿಸುತ್ತೇನೆ. ಆದರೂ ಇದೂ ಪರೋಕ್ಷ ಸಾಕ್ಷಿಯೇ. ದೊಡ್ಡ ಪಾರ್ಶ್ವವಾಯುವಿನಲ್ಲಿ, ಉರಿಯೂತದಲ್ಲಿ ಟೌ ಕೂಡ ಏರಿ ಮೋಸ ಮಾಡುತ್ತದೆ. ಎನ್‌ಎಸ್‌ಇ, ಎಸ್100ಬಿ ಎಂಬ ಹಳೆಯ ಪರೀಕ್ಷೆಗಳೂ ಇವೆ. ಮೇಲಿನೆರಡು ಇರುವಾಗ ಅವುಗಳಿಗೆ ದುಡ್ಡು ಕೊಡುವ ಅಗತ್ಯ ನನಗೆ ಕಂಡಿಲ್ಲ.

ಆರ್‌ಟಿ-ಕ್ವಿಕ್: ಹೆಪ್ಪು ಹಾಕಿ ನೋಡುವುದು

ಬೆನ್ನಿನ ನೀರಿನಲ್ಲಿ ಕೆಟ್ಟ ಪ್ರಿಯಾನು ಇದ್ದರೂ ಅದು ಎಷ್ಟು ಅತ್ಯಲ್ಪವೆಂದರೆ ನೇರವಾಗಿ ಅಳೆಯಲು ಬರುವುದಿಲ್ಲ. ಹಾಗಾದರೆ ಏನು ಮಾಡಬೇಕು? ಚಮಚದ ತುದಿಯಲ್ಲಿ ಅಂಟಿರುವುದು ಮೊಸರು ಹೌದೋ ಅಲ್ಲವೋ ತಿಳಿಯಬೇಕಾದರೆ ಅದನ್ನು ಉಗುರುಬೆಚ್ಚಗಿನ ಹಾಲಿಗೆ ಹಾಕಿ ಕಾಯುತ್ತೇವೆ. ಹಾಲು ಹೆಪ್ಪುಗಟ್ಟಿದರೆ ಚಮಚದಲ್ಲಿದ್ದದ್ದು ಮೊಸರು. ಆರ್‌ಟಿ-ಕ್ವಿಕ್‌ನ ಉಪಾಯ ಇಷ್ಟೇ. ಬ್ಯಾಕ್ಟೀರಿಯಾಗಳಿಂದ ಮಾಡಿಸಿಕೊಂಡ, ಸರಿಯಾದ ಮಡಿಕೆಯಲ್ಲಿರುವ ಹ್ಯಾಮ್‌ಸ್ಟರ್ ಪ್ರಿಯಾನ್ ಪ್ರೊಟೀನು ಇಲ್ಲಿ ಹಾಲಿನ ಜಾಗದಲ್ಲಿದೆ. ರೋಗಿಯ ಬೆನ್ನಿನ ನೀರಿನ ಕೆಲವೇ ಹನಿಯಷ್ಟು ಹೆಪ್ಪು. ನೀರಿನಲ್ಲಿ ಕೆಟ್ಟ ಮಡಿಕೆಯ ಪ್ರಿಯಾನು ಇದ್ದರೆ ಅದು ಸುತ್ತಲಿನ ಪ್ರೊಟೀನನ್ನು ತನ್ನಂತೆ ತಿರುಗಿಸಿ ಎಳೆ ಕಟ್ಟುತ್ತ ಹೋಗುತ್ತದೆ. ಥಯೋಫ್ಲೇವಿನ್ ಟಿ ಎಂಬ ಬಣ್ಣ ಆ ಎಳೆಗಳಿಗೆ ಅಂಟಿ ಹೊಳೆಯುತ್ತದೆ, ಯಂತ್ರ ಆ ಹೊಳಪನ್ನು ಹೊತ್ತುಹೊತ್ತಿಗೆ ಗುರುತು ಹಾಕಿಕೊಳ್ಳುತ್ತದೆ.

ಒಂದು ವ್ಯತ್ಯಾಸವಿದೆ. ಹೆಪ್ಪಿಟ್ಟ ಪಾತ್ರೆಯನ್ನು ಅಲ್ಲಾಡಿಸಬೇಡ ಎಂದು ಮನೆಯಲ್ಲಿ ಗದರುತ್ತಾರೆ. ಇಲ್ಲಿ ಅಲ್ಲಾಡಿಸಲೇಬೇಕು. ಅಲುಗಾಟಕ್ಕೆ ಎಳೆಗಳು ತುಂಡಾಗುತ್ತವೆ, ಒಂದೊಂದು ತುಂಡೂ ಹೊಸ ಹೆಪ್ಪಾಗುತ್ತದೆ. ಪರೀಕ್ಷೆಯ ಹೆಸರಿನಲ್ಲಿರುವ "ಕ್ವೇಕಿಂಗ್" ಈ ಅಲುಗಾಟವೇ.

ಬೆನ್ನಿನ ನೀರಿನಲ್ಲಿ ಇದು ಕೆಲಸ ಮಾಡುತ್ತದೆಂದು ಜಪಾನಿನ ನಾಗಸಾಕಿಯ ತಂಡ 2011ರಲ್ಲಿ ತೋರಿಸಿತು. ಆಗಿನ ವಿಧಾನಕ್ಕೆ ದಿನಗಟ್ಟಲೆ ಕಾಯಬೇಕಿತ್ತು. ಮೊಂಟಾನಾದ ಹ್ಯಾಮಿಲ್ಟನ್‌ನಲ್ಲಿರುವ ರಾಕಿ ಮೌಂಟನ್ ಪ್ರಯೋಗಾಲಯದವರು 2015ರಲ್ಲಿ ಪ್ರೊಟೀನಿನ ಒಂದು ತುಂಡನ್ನಷ್ಟೇ ಬಳಸಿ, ಕಾವನ್ನು 55 ಡಿಗ್ರಿಗೆ ಏರಿಸಿ, ಒಂದು ದಿನದೊಳಗೇ ಉತ್ತರ ಬರುವಂತೆ ಮಾಡಿದರು. ಈ ಎರಡನೆಯ ತಲೆಮಾರಿನ ವಿಧಾನವೇ ಈಗ ಹೆಚ್ಚು ಬಳಕೆಯಲ್ಲಿದೆ. ಸಿಜೆಡಿ ಇರುವವರಲ್ಲಿ ಇದು ನೂರಕ್ಕೆ 90 ಅಥವಾ ಅದಕ್ಕೂ ಹೆಚ್ಚು ಮಂದಿಯನ್ನು ಹಿಡಿಯುತ್ತದೆ. ಇಲ್ಲದವರಿಗೆ "ಇಲ್ಲ" ಎನ್ನುವುದರಲ್ಲಿ ಶೇ. 98ಕ್ಕಿಂತ ಹೆಚ್ಚು ನಂಬಿಕಸ್ತ. ಮೇಲಿನ ಲೆಕ್ಕವನ್ನೇ ಇನ್ನೊಮ್ಮೆ ಮಾಡಿ: ನಿಜವಾದ ಹತ್ತರಲ್ಲಿ ಒಂಬತ್ತು ಸಿಗುತ್ತವೆ, ಉಳಿದ ತೊಂಬತ್ತರಲ್ಲಿ ತಪ್ಪು ಪಾಸಿಟಿವ್ ಒಂದೋ ಎರಡೋ. 18ರಿಂದ ಒಂದೆರಡಕ್ಕೆ ಇಳಿಯಿತು. 2018ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ, ಸಿಜೆಡಿ ಇರಬಹುದಾದ ಸಂಭವ ಗಟ್ಟಿ ಎಂದು ಹೇಳಲು ಬೇಕಾದ ಮಾನದಂಡಗಳಲ್ಲಿ ಇದನ್ನು ಸೇರಿಸಿಕೊಂಡದ್ದು ಇದಕ್ಕಾಗಿಯೇ.

ಹಾಗಾದರೆ ಆರ್‌ಟಿ-ಕ್ವಿಕ್ ಒಂದೇ ಸಾಕೆ? ಪಾಸಿಟಿವ್ ಬಂದಾಗ ಬಹುಮಟ್ಟಿಗೆ ಸಾಕು. ನೆಗೆಟಿವ್ ಬಂದಾಗ ಎಚ್ಚರ ಬೇಕು. ಸಿಜೆಡಿಯಲ್ಲೂ ಒಳಪಂಗಡಗಳಿವೆ. ಪ್ರಿಯಾನ್ ಪ್ರೊಟೀನಿನ 129ನೆಯ ಸ್ಥಾನದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಇದೆಯೋ ವ್ಯಾಲಿನ್ ಇದೆಯೋ ಎಂಬುದರ ಮೇಲೆ ಕಾಯಿಲೆಯ ಚಹರೆಯೇ ಬದಲಾಗುತ್ತದೆ. ನಿಧಾನವಾಗಿ ಸಾಗುವ ಕೆಲವು ಅಪರೂಪದ ಪಂಗಡಗಳಲ್ಲಿ, ನಿದ್ದೆಯನ್ನೇ ಕಸಿದುಕೊಳ್ಳುವ ವಂಶಪಾರಂಪರ್ಯದ ಬಗೆಯಲ್ಲಿ, ಗೆರ್ಸ್ಟ್‌ಮನ್-ಸ್ಟ್ರಾಯ್ಸ್ಲರ್-ಶೈಂಕರ್ ಎಂಬ ಇನ್ನೊಂದು ವಂಶವಾಹಿ ಬಗೆಯಲ್ಲಿ ಈ ಪರೀಕ್ಷೆ ಸೋಲುವುದು ಹೆಚ್ಚು. ಅಂಥಲ್ಲಿ ರಕ್ತದಿಂದ ಪಿಆರ್‌ಎನ್‌ಪಿ, ಅಂದರೆ ಪ್ರಿಯಾನ್ ಪ್ರೊಟೀನಿನ ಜೀನ್ ಪರೀಕ್ಷೆ ಮಾಡಿಸುವುದೇ ಸರಿಯಾದ ಆಯ್ಕೆ. ಆದರೆ ಆ ರಕ್ತ ಕೊಡುವ ಮೊದಲು ಮನೆಯವರೆಲ್ಲ ಕೂತು ಮಾತಾಡಿರಬೇಕು. ಅಪ್ಪನ ರಿಪೋರ್ಟ್‌ನಲ್ಲಿ ಬರುವ ಒಂದು ಅಕ್ಷರ ಮಕ್ಕಳ ಮೇಲೂ ಬರೆದಂತೆ: ಒಬ್ಬೊಬ್ಬ ಮಗುವಿಗೂ ಅದು ಬಂದಿರುವ ಸಾಧ್ಯತೆ ಶೇ. 50. ತಿಳಿದುಕೊಳ್ಳುವ ಹಕ್ಕಿರುವಂತೆ ತಿಳಿಯದೆ ಇರುವ ಹಕ್ಕೂ ಮಕ್ಕಳಿಗಿದೆ.

ಹುಚ್ಚು ಹಸುವಿನ ಬಗೆ ಬೇರೆ

ಹಸುಗಳ ಕಾಯಿಲೆಯಿಂದ ಮನುಷ್ಯರಿಗೆ ಬಂದ ವಿಸಿಜೆಡಿಯನ್ನು ಬ್ರಿಟನ್ ಮೊದಲು ವರದಿ ಮಾಡಿದ್ದು 1996ರಲ್ಲಿ. ಅಲ್ಲಿ ಸತ್ತವರು 178 ಮಂದಿ, ಹೆಚ್ಚಿನವರು ಎಳೆಯ ವಯಸ್ಸಿನವರು. ಎಡಿನ್‌ಬರೋದ ಸಿಜೆಡಿ ಕಣ್ಗಾವಲು ಘಟಕ 1990ರಿಂದಲೇ ಇಡೀ ದೇಶದ ಪ್ರಕರಣಗಳನ್ನು ಬೆನ್ನಟ್ಟುತ್ತಿದ್ದುದರಿಂದ ಇದು ಹೊಸ ಬಗೆ ಎಂದು ಬೇಗ ಗೊತ್ತಾಯಿತು. ವಿಸಿಜೆಡಿಯಲ್ಲಿ 14-3-3 ಸುಮಾರು ಅರ್ಧದಷ್ಟು ಮಂದಿಯಲ್ಲಷ್ಟೇ ಪಾಸಿಟಿವ್. ಬೆನ್ನಿನ ನೀರಿನ ಆರ್‌ಟಿ-ಕ್ವಿಕ್ ಕೂಡ ಸಾಮಾನ್ಯವಾಗಿ ನೆಗೆಟಿವ್. ಅದಕ್ಕೆ ಟಾನ್ಸಿಲ್ ತುಣುಕಿನ ಪರೀಕ್ಷೆ, ಎಂಆರ್‌ಐಯಲ್ಲಿ ಮೆದುಳಿನ ನಡುಭಾಗದ ಥಲಾಮಸ್‌ನ ಹಿಂಬದಿ ಬೆಳಗುವ ಗುರುತು, ಮತ್ತು ಪಿಎಂಸಿಎ ಎಂಬ ಪರೀಕ್ಷೆ. ಪಿಎಂಸಿಎಯಲ್ಲೂ ಹೆಪ್ಪಿನ ಉಪಾಯವೇ, ಅಲ್ಲಾಡಿಸುವ ಬದಲು ಶ್ರವಣಾತೀತ ಶಬ್ದದಿಂದ ಎಳೆ ಒಡೆಯುತ್ತಾರೆ. ವಿಸಿಜೆಡಿಯನ್ನು ರಕ್ತದಲ್ಲೂ ಹೀಗೆ ಹಿಡಿಯಬಹುದೆಂದು 2016ರಲ್ಲಿ ಎರಡು ತಂಡಗಳು ತೋರಿಸಿದವು. ಹಲವು ವರ್ಷ ಬ್ರಿಟನ್ನಿನಲ್ಲಿದ್ದ, ವಯಸ್ಸು ಚಿಕ್ಕದಿರುವ ರೋಗಿಯಾದರೆ ಈ ದಾರಿಯ ಬಗ್ಗೆ ವೈದ್ಯರನ್ನು ಕೇಳಿ. ಉಳಿದವರಿಗೆ ಇದು ಬೇಡ.

ನೀರು ತೆಗೆಯುವ ರೀತಿಯಲ್ಲೇ ಅರ್ಧ ರಿಪೋರ್ಟ್ ಇದೆ

ಒಮ್ಮೆ ನನ್ನ ಮೇಜಿಗೆ ಬಂದ ಟ್ಯೂಬ್ ನಸುಗೆಂಪಾಗಿತ್ತು. ಸೂಜಿ ಸಣ್ಣ ರಕ್ತನಾಳಕ್ಕೆ ತಾಗಿತ್ತು. ಜೊತೆಗೆ ಐಸ್ ಕರಗಿ ಪೆಟ್ಟಿಗೆಯೆಲ್ಲ ನೀರು. ಕಳಿಸಿದ ಆಸ್ಪತ್ರೆಗೆ ಫೋನ್ ಮಾಡಿ ಮತ್ತೊಮ್ಮೆ ತೆಗೆಯಿರಿ ಎಂದು ಹೇಳುವುದು ನನ್ನ ಪಾಲಿಗೆ ಬಂತು. ಮಲಗಿದಲ್ಲೇ ಇದ್ದ ಆ ಅಮ್ಮನನ್ನು ಮತ್ತೆ ಮಗ್ಗುಲಾಗಿಸಿ, ಬೆನ್ನು ಬಾಗಿಸಿ ಹಿಡಿಯಬೇಕಾಯಿತು. ಆ ಫೋನ್ ಕರೆ ಇವತ್ತಿಗೂ ನೋಯಿಸುತ್ತದೆ.

ರಕ್ತ ಬೆರೆತರೆ ಆಗುವ ಅನರ್ಥ ಎರಡು ಪರೀಕ್ಷೆಗಳಲ್ಲಿ ಎರಡು ದಿಕ್ಕಿನದು. ರಕ್ತದಲ್ಲೂ 14-3-3 ಇರುವುದರಿಂದ ಅದು ಸುಳ್ಳು ಪಾಸಿಟಿವ್ ಆಗಬಹುದು. ಆರ್‌ಟಿ-ಕ್ವಿಕ್‌ನಲ್ಲಾದರೆ ರಕ್ತವು ಪ್ರೊಟೀನು ಎಳೆ ಕಟ್ಟುವ ಕ್ರಿಯೆಯನ್ನೇ ತಡೆದು ಸುಳ್ಳು ನೆಗೆಟಿವ್ ಬರಬಹುದು. ಒಂದೇ ಕೆಂಪು ಟ್ಯೂಬಿನಿಂದ ಎರಡನ್ನೂ ಮಾಡಿದರೆ ಎರಡನ್ನೂ ನಂಬುವಂತಿಲ್ಲ, ಒಂದು ಪಾಸಿಟಿವ್ ಕಡೆಗೆ ವಾಲುತ್ತದೆ, ಇನ್ನೊಂದು ನೆಗೆಟಿವ್ ಕಡೆಗೆ. ಆದ್ದರಿಂದ ಮೊದಲ ಕೆಲವು ಹನಿಗಳನ್ನು ಬೇರೆ ಪರೀಕ್ಷೆಗಿಟ್ಟು, ತಿಳಿಯಾದ ನಂತರದ ನೀರನ್ನು ಪ್ರಿಯಾನ್ ಪರೀಕ್ಷೆಗೆ ಹಿಡಿಯಬೇಕು. ಪಾಲಿಪ್ರೊಪಿಲೀನ್ ಟ್ಯೂಬ್ ಆಗಿರಬೇಕು, ಕೆಲವು ಪ್ಲಾಸ್ಟಿಕ್‌ಗಳ ಗೋಡೆಗೆ ಟೌ ಅಂಟಿಕೊಂಡು ಸಂಖ್ಯೆ ಇಳಿಯುತ್ತದೆ. ಬೇಗ ಫ್ರೀಜ್ ಮಾಡಿ, ಡ್ರೈ ಐಸ್‌ನಲ್ಲಿಟ್ಟು ಕಳಿಸಬೇಕು. ಸ್ಯಾಂಪಲ್ ಹೋಗುವ ಮೊದಲು ಮನೆಯವರು ಕೇಳಬೇಕಾದ ಮುಖ್ಯ ಪ್ರಶ್ನೆಯೂ ಇದೇ: "ನೀರು ತಿಳಿಯಾಗಿತ್ತಾ? ಇನ್ನೊಂದು ಟ್ಯೂಬ್ ಫ್ರೀಜರ್‌ನಲ್ಲಿ ಉಳಿಸಿದ್ದೀರಾ?"

ಬೆನ್ನಿನಿಂದ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂಬ ಹೆದರಿಕೆ ನಮ್ಮ ಊರುಗಳಲ್ಲಿ ಬಲವಾಗಿದೆ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಹತ್ತಿರವೇ ಮುಗಿದಿರುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸ ನೀರು ತಯಾರಿಸುತ್ತದೆ, ತೆಗೆದ ಒಂದೆರಡು ಚಮಚ ಕೆಲವು ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಕೆಲವರಿಗೆ ಕೆಲವು ದಿನ ಎದ್ದು ಕೂತರೆ ತಲೆನೋವು ಬರುತ್ತದೆ. ಆದರೆ ಮೆದುಳಿನಲ್ಲಿ ಗೆಡ್ಡೆಯ ಒತ್ತಡವಿದ್ದರೆ ಅಪಾಯವಿದೆ, ಹಾಗಾಗಿ ಮೊದಲು ಸ್ಕ್ಯಾನ್ ಆಗಿರಬೇಕು.

ಎಂಆರ್‌ಐ ಜೊತೆಗೆ ಓದಿದಾಗ

ಬೆನ್ನಿನ ನೀರನ್ನು ಒಂಟಿಯಾಗಿ ಓದಬಾರದು. ಡಿಫ್ಯೂಷನ್ ಎಂಆರ್‌ಐಯಲ್ಲಿ ಮೆದುಳಿನ ಹೊರಪದರದುದ್ದಕ್ಕೂ ಬಿಳಿ ಪಟ್ಟಿ, ಒಳಗೆ ಬೇಸಲ್ ಗ್ಯಾಂಗ್ಲಿಯಾದಲ್ಲಿ ಬೆಳಕು ಕಂಡರೆ ಅದು ಬಲವಾದ ಸಾಕ್ಷಿ. ಅನುಭವಿ ಕಣ್ಣು ನೋಡಿದರೆ ನನ್ನ ಪಾಲಿಗೆ ಅದು 14-3-3ಗಿಂತ ಮೇಲು. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯಲ್ಲಿ ಸೆಕೆಂಡಿಗೊಂದರಂತೆ ಏಳುವ ಚೂಪು ಅಲೆಗಳು ಎಲ್ಲರಲ್ಲಿ ಕಾಣುವುದಿಲ್ಲ, ಕಂಡರೆ ನೆರವಾಗುತ್ತವೆ.

ಎಂಆರ್‌ಐ ಸಿಜೆಡಿ ಎನ್ನುತ್ತದೆ, ಆರ್‌ಟಿ-ಕ್ವಿಕ್ ಪಾಸಿಟಿವ್, ಮಾಮೂಲಿ ಪರೀಕ್ಷೆಯಲ್ಲಿ ನೀರು ತಿಳಿ: ಅಲ್ಲಿಗೆ ಹುಡುಕಾಟ ನಿಲ್ಲಿಸಿ, ರೋಗಿಗೆ ನೋವಿಲ್ಲದಂತೆ ನೋಡಿಕೊಳ್ಳುವ ಕಡೆ ತಿರುಗಬಹುದು. ಎಂಆರ್‌ಐ ಸಿಜೆಡಿ ಎನ್ನುತ್ತದೆ, ಆರ್‌ಟಿ-ಕ್ವಿಕ್ ನೆಗೆಟಿವ್: ನೀರಿನಲ್ಲಿ ರಕ್ತವಿತ್ತೇ ನೋಡಿ, ಕೆಲವು ವಾರ ಬಿಟ್ಟು ಮತ್ತೊಮ್ಮೆ ಮಾಡಿಸಿ, ಜೀನ್ ಪರೀಕ್ಷೆ ಯೋಚಿಸಿ. ಎಂಆರ್‌ಐ ಸ್ಪಷ್ಟವಿಲ್ಲ, ಕೈಯಲ್ಲಿರುವುದು 14-3-3 ಪಾಸಿಟಿವ್ ಒಂದೇ: ಇಲ್ಲಿ ನಾನು ಗಟ್ಟಿದನಿಯಲ್ಲಿ ಹೇಳುತ್ತೇನೆ, ಫೈಲ್ ಮುಚ್ಚಬೇಡಿ. ಪ್ರತಿಕಾಯಗಳ ರಿಪೋರ್ಟ್ ಬರುವತನಕ, ಬೇಕಾದರೆ ಸ್ಟಿರಾಯ್ಡ್ ಕೊಟ್ಟು ನೋಡುವತನಕ, ಆ ಮನುಷ್ಯ 71 ಮಂದಿಯಲ್ಲಿ ಒಬ್ಬರಿರಬಹುದು ಎಂದೇ ನಡೆದುಕೊಳ್ಳಬೇಕು.

ಆರೈಕೆ ಮಾಡುವವರಿಗೆ ಒಂದು ಮಾತು. ಸಿಜೆಡಿ ಮುಟ್ಟುವುದರಿಂದ, ಊಟ ಮಾಡಿಸುವುದರಿಂದ, ಮೈ ಒರೆಸುವುದರಿಂದ ಹರಡುವುದಿಲ್ಲ. ಮೆದುಳಿಗೆ ಬಳಸಿದ ಶಸ್ತ್ರಗಳಂಥವುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು, ಯಾಕೆಂದರೆ ಹಬೆಯಿಂದ ಶುದ್ಧಿ ಮಾಡುವ ಮಾಮೂಲಿ ಆಟೋಕ್ಲೇವ್‌ಗೆ ಪ್ರಿಯಾನು ಜಗ್ಗುವುದಿಲ್ಲ. ಅದು ಆಸ್ಪತ್ರೆಯವರ ಜವಾಬ್ದಾರಿ. ನೀವು ಕೈ ಹಿಡಿದು ಪಕ್ಕದಲ್ಲಿ ಕೂರಬಹುದು.

ತಾನಾಗಿ ಹುಟ್ಟುವ ಸಿಜೆಡಿಯಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆರು ತಿಂಗಳೊಳಗೆ ತೀರಿಕೊಳ್ಳುತ್ತಾರೆ. ಎಷ್ಟೋ ಸಲ ರಿಪೋರ್ಟ್ ಬರುವ ಹೊತ್ತಿಗೆ ರೋಗಿ ಇರುವುದಿಲ್ಲ. ಬೆನ್ನಿನ ನೀರು ಎಷ್ಟೇ ನಿಖರವಾಗಿ ಹೇಳಿದರೂ ಅದು "ಬಹುಪಾಲು ಖಚಿತ" ಎಂಬಲ್ಲಿಗೇ ನಿಲ್ಲುತ್ತದೆ. ಪೂರ್ತಿ ಖಚಿತವಾಗುವುದು ಮೆದುಳಿನ ತುಣುಕಿನಿಂದ ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೆದುಳು ದಾನ ಪಡೆಯುವ ಬ್ರೈನ್ ಬ್ಯಾಂಕ್ ಇದೆ. ಅಂಥ ದುಃಖದ ಹೊತ್ತಿನಲ್ಲಿ ಈ ಮಾತು ಎತ್ತುವುದು ಕಷ್ಟ, ಆದ್ದರಿಂದ ಮೊದಲೇ, ರೋಗಿಯ ಹಾಸಿಗೆಯಿಂದ ದೂರ, ಮನೆಯ ಹಿರಿಯರೊಡನೆ ಕೂತು ಕೇಳಿಕೊಂಡಿರುವುದು ಒಳ್ಳೆಯದು. ಮೆದುಳು ಕೊಡಲು ಮನಸ್ಸು ಬಾರದಿದ್ದರೆ ಬಲವಂತವಿಲ್ಲ. ಫ್ರೀಜರ್‌ನಲ್ಲಿ ಉಳಿಸಿದ ಆ ಎರಡನೆಯ ಟ್ಯೂಬ್ ಆಗಲೂ ಇರುತ್ತದೆ. ಮಗಳು ಒಂದು ವರ್ಷ ಬಿಟ್ಟು ಬಂದು ಕೇಳಿದರೂ ಅದನ್ನು ಕರಗಿಸಿ ಪರೀಕ್ಷೆ ಮಾಡಬಹುದು.